ಶಾಂತಿಭಂಗದ ಕಾಗದ ಬಂದಾಗ

ವರಾಛಾದ ನಮ್ಮ ಬಿಡಾರಗಳಲ್ಲಿ ಜಗಳಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ನಲ್ಲಿಯ ನೀರು, ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ ಸ್ಕೂಟರು, ನವರಾತ್ರಿಯ ಧ್ವನಿವರ್ಧಕ, ಇಷ್ಟೇ ಸಾಕು. ಮಾತಿಗೆ ಮಾತು ಬೆಳೆಯುತ್ತದೆ. ಯಾರೋ ಪೊಲೀಸರನ್ನು ಕರೆಯುತ್ತಾರೆ.

ನಮ್ಮ ಪರಿಚಯದ ಹುಡುಗನೊಬ್ಬನಿಗೂ ಹೀಗೆಯೇ ಆಯಿತು. ಅವನಿಗೆ ಗುಜರಾತಿ ಮಾತು ಬರುತ್ತದೆ, ಓದಲು ಬಾರದು. ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿ ಬಂದ. ಮರುದಿನ ಅವನ ತಾಯಿ ಕಾಗದದ ಪ್ರತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಮನೆಗೆ ಬಂದರು. “ನನ್ನ ಮಗ ಅಪರಾಧಿ ಆದನೇನಪ್ಪಾ?” ಎಂದರು. ಕಚೇರಿಯ ಕಡತಗಳ ನಡುವೆಯೇ ದಿನ ಕಳೆಯುವ ನಾವು ಓದಿ ನೋಡಿದೆವು. ಒಂದು ವರ್ಷ ಶಾಂತಿಯಿಂದಿರುವೆನೆಂದು ಅವನು ಬರೆದುಕೊಟ್ಟ ಮುಚ್ಚಳಿಕೆ ಅದು.

ವಾಚಕರು ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಸಾರ್ವಜನಿಕ ಸ್ಥಳದಲ್ಲಿ ಹೊಡೆದಾಡಿ ಶಾಂತಿ ಕೆಡಿಸುವುದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 194ನೆಯ ಕಲಮಿನಂತೆ ಅದಕ್ಕೆ ಒಂದು ತಿಂಗಳವರೆಗೆ ಸೆರೆ, ಇಲ್ಲವೆ 1000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಇನ್ನೊಂದು, ಮುಂದೆ ಶಾಂತಿಭಂಗವಾದೀತೆಂಬ ಶಂಕೆಯಿಂದ ಕೈಗೊಳ್ಳುವ ಕ್ರಮ. ಗುಜರಾತಿ ಪತ್ರಿಕೆಗಳು ‘ಅಟಕಾಯತಿ ಪಗಲಾಂ’ ಎಂದು ಬರೆಯುವುದು ಇದನ್ನೇ. ಹಿಂದೆ 107ನೆಯ ಕಲಮು ಎನ್ನುತ್ತಿದ್ದುದು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 126ನೆಯ ಕಲಮಾಗಿದೆ. ಇದು ಶಿಕ್ಷೆಯಲ್ಲ, ಅಪರಾಧಿಯೆಂಬ ತೀರ್ಪೂ ಅಲ್ಲ. ಆದರೆ ಮುಚ್ಚಳಿಕೆಯನ್ನು ಮುರಿದರೆ ಅದರಲ್ಲಿ ಬರೆದ ಹಣ ಕೈಬಿಡುತ್ತದೆ. ಕೊಡಬೇಕೆಂದು ಆಜ್ಞೆಯಾದ ಮೇಲೂ ಕೊಡದಿದ್ದರೆ ಸೆರೆವಾಸವುಂಟು. ಆದಕಾರಣ ಹಗುರವಾಗಿ ಎಣಿಸುವ ಸಂಗತಿ ಇದಲ್ಲ.

ಹಾಗಾದರೆ ಮಾಡುವುದೇನು? ಮ್ಯಾಜಿಸ್ಟ್ರೇಟರ ಆಜ್ಞೆಯಲ್ಲಿ ದೂರಿನ ಸಾರಾಂಶ, ಮುಚ್ಚಳಿಕೆಯ ಮೊತ್ತ, ಅವಧಿ ಇವೆಲ್ಲ ಬರೆದಿರಬೇಕು. ಅದರ ಪ್ರತಿ ಪಡೆಯಿರಿ, ಬಲ್ಲವರಿಂದ ಓದಿಸಿಕೊಳ್ಳಿ. ಕರೆದ ದಿನ ತಪ್ಪದೆ ಹೋಗಿ. ಹೋಗದಿದ್ದರೆ ವಾರಂಟು ಬಂದೀತು. ದೂರು ಸುಳ್ಳಾದರೆ ಒಪ್ಪಿಕೊಳ್ಳದೆ, ವಿಚಾರಣೆ ಬೇಕೆಂದು ಹೇಳಿ, ಜಗಳ ಕಂಡ ನೆರೆಯವರನ್ನು ಸಾಕ್ಷಿಗೆ ಕರೆಯಿರಿ. ಎದುರು ಪಕ್ಷದೊಡನೆ ರಾಜಿಯಾಗಿದ್ದರೆ ಆ ಪತ್ರವನ್ನೂ ಹಾಜರುಪಡಿಸಿ. ವಿಚಾರಣೆ ಆರು ತಿಂಗಳಲ್ಲಿ ಮುಗಿಯದಿದ್ದರೆ, ವಿಶೇಷ ಕಾರಣ ಬರೆದಿಟ್ಟ ಹೊರತು, ಪ್ರಕರಣ ಬಿದ್ದುಹೋಗುತ್ತದೆ. ವಿಚಾರಣೆ ತೊಡಗುವ ಮೊದಲೇ ಮಧ್ಯಂತರ ಮುಚ್ಚಳಿಕೆ ಕೇಳಲಾಗದೆಂದು ಮಧು ಲಿಮಯೆ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1970ರಲ್ಲೇ ಹೇಳಿದೆ. ಆಜ್ಞೆ ವಿರುದ್ಧವಾದರೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಪೊಲೀಸರು ಮುಂಜಾಗ್ರತೆಗೆಂದು ಹಿಡಿದೊಯ್ದರೆ, ಬೇರೆ ಆಧಾರವಿಲ್ಲದೆ 24 ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ವಕೀಲರನ್ನು ಕಾಣಗೊಡಬೇಕು. ಹಿಂದಿ ಮಾತ್ರ ಬಲ್ಲವನಿಗೆ ಸ್ಥಾನಬದ್ಧತೆಯ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ತಿಳಿಸಿದಂತಾಗದೆಂದು 1962ರಲ್ಲಿ ಹರಿಕಿಸನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಆ ಕಾಯಿದೆ ಬೇರೆ. ಆದರೂ ಪರಭಾಷೆಯ ನಾಡಿನಲ್ಲಿರುವ ನಾವು ನೆನಪಿಡಬೇಕಾದ ಮಾತು. “ನನಗೆ ಈ ಲಿಪಿ ಓದಲು ಬಾರದು, ಓದಿ ಹೇಳಿ” ಎನ್ನುವುದು ಉದ್ಧಟತನವಲ್ಲ. ಬಂಧನದಲ್ಲಿರುವವರಿಗೂ ಹೆಂಗಸರಿಗೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ದೊರೆಯುತ್ತಾರೆ.

ಆ ತಾಯಿಗೆ ನಾವು ಹೇಳಿದೆವು: “ಅಪರಾಧಿಯಲ್ಲ ತಾಯಿ. ಆದರೆ ಈ ಒಂದು ವರ್ಷ ನಾಲಗೆಗೆ ಬೀಗ ಹಾಕಿಕೊಂಡಿರಲಿ.” ಹುಡುಗ ಹಾಗೆಯೇ ವರ್ಷ ಕಳೆದ. ನೆರೆಯವರು ಕೆಣಕಿದಾಗಲೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಓದಿಸಿಕೊಂಡಿದ್ದರೆ ತನ್ನ ಕಡೆಯ ನಾಲ್ಕು ಮಾತು ಹೇಳಿಕೊಳ್ಳುವ ಅವಕಾಶವಿತ್ತು. ಅದನ್ನು ಒಂದು ಸಹಿಯಲ್ಲಿ ಕಳೆದುಕೊಂಡ. ಗುಜರಾತಿ ಓದಬಲ್ಲ ನಮ್ಮವರ ಹೆಸರುಗಳನ್ನು ಪ್ರತಿ ಮನೆಯಲ್ಲೂ ಬರೆದಿಟ್ಟುಕೊಂಡರೆ, ಇನ್ನೊಬ್ಬ ತಾಯಿ ಹೀಗೆ ಸೆರಗಿನಲ್ಲಿ ಕಾಗದ ಮುಚ್ಚಿಕೊಂಡು ಅಲೆಯಬೇಕಾಗಿಲ್ಲ.