ಹಾಸು, ಹೊಕ್ಕು ಮತ್ತು ದೈವ: ಪ್ರಕ್ರಿಯಾ ದೇವಮೀಮಾಂಸೆಯ ಪರಿಚಯ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳು ಇಂದು ಹತ್ತಿ ಉದ್ಯಮದ ಕೇಂದ್ರಗಳೆಂದು ಪ್ರಸಿದ್ಧವಾಗಿವೆ. ಕನ್ನಡದ ವಿದ್ಯಾರ್ಥಿಗಳಿಗೆ ಈ ಪ್ರದೇಶ ಮತ್ತೊಂದು ಕಾರಣಕ್ಕೂ ಮುಖ್ಯವಾದುದು. ಇಲ್ಲಿ ತಲೆಮಾರುಗಳಿಂದ ನೆಲೆಸಿರುವ ದೇವಾಂಗ ನೇಕಾರರ ಮನೆಮಾತು ಕನ್ನಡ. ನಮ್ಮ ಕೊಳ್ಳೇಗಾಲ ತಾಲ್ಲೂಕು ಸಹ 1956ರ ವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ದೇವಾಂಗರ ಕುಲದೇವತೆ ಚೌಡೇಶ್ವರಿ. ವಿಜಯದಶಮಿಯಂದು ಭಕ್ತರು ಎದೆಗೆ ಕತ್ತಿ ತಾಗಿಸಿಕೊಳ್ಳುತ್ತ ದೇವಿಯನ್ನು ಗುಡಿಗೆ ಕರೆತರುತ್ತಾರೆ. ದೇವಲ ಮಹರ್ಷಿಯು ವಿಷ್ಣುವಿನ ನಾಭಿಕಮಲದ ನಾಳದಿಂದ ನೂಲು ತಂದು ದೇವಮಾನವರಿಗೆ ವಸ್ತ್ರ ನೆಯ್ದನೆಂದೂ, ಅವನನ್ನು ಅಡ್ಡಗಟ್ಟಿದ ದೈತ್ಯರನ್ನು ದೇವಿ ಸಂಹರಿಸಿದಾಗ ಅವರ ರಕ್ತದಿಂದ ನೂಲಿಗೆ ಬಣ್ಣಗಳು ಬಂದವೆಂದೂ ಕುಲಪುರಾಣ ಹೇಳುತ್ತದೆ.

ಈ ಕಥೆಯನ್ನು ಕೇಳುತ್ತ ಬೆಳೆದ ವಿದ್ಯಾರ್ಥಿ ಮುಂದೆ ರಸಾಯನಶಾಸ್ತ್ರವನ್ನು ಓದುತ್ತಾನೆ. ಬಣ್ಣವು ಹತ್ತಿಯ ಎಳೆಗೆ ಹೇಗೆ ಅಂಟುತ್ತದೆಂಬುದನ್ನು ತಿಳಿದ ಮೇಲೆ ಅವನು ದೇವಿಯನ್ನು ಬಿಡಬೇಕೆ? ಭೌತವಿಜ್ಞಾನಿಯೂ ದೇವಮೀಮಾಂಸಕನೂ ಆಗಿದ್ದ ಇಯಾನ್ ಬಾರ್ಬರ್ ಇಂತಹ ಸಂದರ್ಭದಲ್ಲಿ ಮನುಷ್ಯರು ಹಿಡಿಯುವ ಹಾದಿಗಳನ್ನು ನಾಲ್ಕಾಗಿ ವಿಂಗಡಿಸಿದ: ಸಂಘರ್ಷ, ಸ್ವಾತಂತ್ರ್ಯ, ಸಂವಾದ ಮತ್ತು ಸಮನ್ವಯ. ನಮ್ಮಲ್ಲಿ ಹೆಚ್ಚಿನವರು ಅರಿವಿಲ್ಲದೆಯೇ ಎರಡನೆಯದನ್ನು ಹಿಡಿಯುತ್ತೇವೆ. ಪ್ರಯೋಗಶಾಲೆಯಲ್ಲಿ ವಿಜ್ಞಾನ, ಮನೆಯಲ್ಲಿ ಪೂಜೆ. ಒಂದು ಮತ್ತೊಂದನ್ನು ಪ್ರಶ್ನಿಸುವುದಿಲ್ಲ. ಪ್ರಕ್ರಿಯಾ ದೇವಮೀಮಾಂಸೆಯು ನಾಲ್ಕನೆಯ ಹಾದಿಯದು.

ಇದರ ಮೂಲಪುರುಷ ಆಲ್ಫ್ರೆಡ್ ನಾರ್ತ್ ವೈಟ್‌ಹೆಡ್ (1861–1947) ಮೊದಲಿಗೆ ಗಣಿತಜ್ಞ; ಬರ್ಟ್ರಂಡ್ ರಸೆಲ್‌ನೊಡನೆ ತರ್ಕ ಹಾಗೂ ಗಣಿತದ ಬುನಾದಿಯ ಬಗೆಗೆ ಬೃಹದ್‌ಗ್ರಂಥ ರಚಿಸಿದವನು. 1927–28ರಲ್ಲಿ ಎಡಿನ್‌ಬರೋದಲ್ಲಿ ಅವನು ನೀಡಿದ ಗಿಫರ್ಡ್ ಉಪನ್ಯಾಸಗಳು 1929ರಲ್ಲಿ ‘ಪ್ರೋಸೆಸ್ ಅಂಡ್ ರಿಯಾಲಿಟಿ’ ಎಂಬ ಗ್ರಂಥವಾಗಿ ಪ್ರಕಟವಾದವು. ಜಗತ್ತು ಸ್ಥಿರ ವಸ್ತುಗಳ ರಾಶಿಯಲ್ಲ, ಘಟನೆಗಳ ಪ್ರವಾಹ ಎಂಬುದು ಅವನ ಮೂಲ ಪ್ರಮೇಯ. ಪ್ರತಿಯೊಂದು ಘಟನೆಯೂ ಗತವನ್ನು ತನ್ನೊಳಗೆ ಗ್ರಹಿಸಿ, ತನಗೆ ತೆರೆದಿರುವ ಸಾಧ್ಯತೆಗಳಲ್ಲಿ ಒಂದನ್ನು ನಿಜವಾಗಿಸಿಕೊಂಡು, ಮುಂದಿನ ಘಟನೆಗೆ ಸಾಮಗ್ರಿಯಾಗುತ್ತದೆ.

ನೇಕಾರರ ಮನೆಯ ಮಕ್ಕಳಿಗೆ ಈ ಮಾತು ಕಠಿಣವಾಗಲಾರದು. ಮಗ್ಗದಲ್ಲಿ ಹಾಸು ಮೊದಲೇ ಬಿಗಿದಿರುತ್ತದೆ. ನೇಯುವವನು ಅದನ್ನು ನಡುವೆ ಬದಲಿಸಲಾರ. ಅದು ಗತಕಾಲವಿದ್ದಂತೆ. ಲಾಳಿ ತರುವ ಹೊಕ್ಕು ಪ್ರತಿ ಎಳೆಯಲ್ಲಿಯೂ ಹೊಸತು. ಬಣ್ಣ, ವಿನ್ಯಾಸಗಳಿಗೆ ಅಲ್ಲಿ ಅವಕಾಶವಿದೆ. ಬಟ್ಟೆಯೆಂದರೆ ಈ ಎರಡರ ಕೂಡುವಿಕೆಯೇ. ವಿಜ್ಞಾನವು ಹಾಸಿನ ನಿಯಮಗಳನ್ನು ಅರಿಯುತ್ತದೆ. ಆದರೆ ಹಾಸೊಂದೇ ಬಟ್ಟೆಯಲ್ಲ.

ಹಾಗಾದರೆ ದೈವದ ಸ್ಥಾನವೇನು? ಪ್ರಕೃತಿನಿಯಮವನ್ನು ಮುರಿದು ಹೊರಗಿನಿಂದ ಕೈಹಾಕುವ ಸರ್ವಾಧಿಕಾರಿಯಾಗಿ ವೈಟ್‌ಹೆಡ್ ದೈವವನ್ನು ಕಾಣಲಿಲ್ಲ. ಪ್ರತಿ ಘಟನೆಯ ಮುಂದೆಯೂ ಉತ್ತಮವಾದ ಸಾಧ್ಯತೆಯನ್ನಿಟ್ಟು ಅದರತ್ತ ಸೆಳೆಯುವುದು ದೈವದ ಕಾರ್ಯ. ಅದು ಬಲಾತ್ಕಾರವಲ್ಲ, ಒಲಿಸುವಿಕೆ. ಮಾತ್ರವಲ್ಲ, ಲೋಕದ ನೋವುನಲಿವುಗಳನ್ನು ದೈವವೂ ಗ್ರಹಿಸಿ ಅನುಭವಿಸುತ್ತದೆ. ಈ ಅಂಶವನ್ನು ಚಾರ್ಲ್ಸ್ ಹಾರ್ಟ್ಸ್‌ಹಾರ್ನ್ ವಿಸ್ತರಿಸಿದ. ಕರೆದರೆ ಬರುವ, ಭಕ್ತನ ಅಳಲಿಗೆ ಮಿಡಿಯುವ ದೈವದ ಕಲ್ಪನೆ ಭಕ್ತಿಸಾಹಿತ್ಯವನ್ನು ಓದಿದವರಿಗೆ ಅಪರಿಚಿತವಲ್ಲ. ಎರಡೂ ಒಂದೇ ಎನ್ನುವುದು ಆತುರದ ಮಾತಾದೀತು. ಹೋಲಿಸಿ ನೋಡುವುದು ಉಪಯುಕ್ತ.

ಈ ವಿಚಾರದ ಸತ್ತ್ವಪರೀಕ್ಷೆಗೆ ನೊಯ್ಯಲ್ ನದಿಯೇ ಸಾಕು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಪಟ್ಟೀಶ್ವರ ದೇವಾಲಯದ ಬಳಿ ಹರಿದು, ಕೊಯಮತ್ತೂರು, ತಿರುಪ್ಪೂರುಗಳನ್ನು ಹಾದು ಕಾವೇರಿಯನ್ನು ಸೇರುವ ಈ ನದಿ ಭಕ್ತರಿಗೆ ಪವಿತ್ರ. ಹತ್ತಿಗೆ ಬಣ್ಣ ಕಚ್ಚಿಸಲು ಉಪ್ಪು ಬೇಕು. ತಿರುಪ್ಪೂರಿನ ಬಣ್ಣಗಾರಿಕೆಯ ಘಟಕಗಳಿಂದ ಹೊರಬಿದ್ದ ಉಪ್ಪುನೀರು ನದಿಯನ್ನು ಸೇರಿ, ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಜಲಾಶಯದಲ್ಲಿ ನಿಂತಿತು, ಹೊಲಗಳು ಕೆಟ್ಟವು. ರೈತರು ನ್ಯಾಯಾಲಯದ ಮೊರೆಹೊಕ್ಕರು. ಹೊರಗೆ ಹನಿ ತ್ಯಾಜ್ಯವನ್ನೂ ಬಿಡಬಾರದೆಂದು 2006ರಲ್ಲಿ ಆದೇಶಿಸಿದ್ದ ಮದ್ರಾಸ್ ಹೈಕೋರ್ಟ್, ಅದು ಪಾಲನೆಯಾಗದೆ 2011ರ ಜನವರಿಯಲ್ಲಿ ಘಟಕಗಳನ್ನು ಮುಚ್ಚಿಸಿತು. ಸಾವಿರಾರು ಜನರ ದುಡಿಮೆ ನಿಂತಿತು. ಪುರಾಣದಲ್ಲಿ ದೇವಿಯ ಕೊಡುಗೆಯಾಗಿದ್ದ ಬಣ್ಣ ಇಲ್ಲಿ ನದಿಯ ಪಾಲಿಗೆ ವಿಷವಾಯಿತು.

ಪವಾಡಗಳ ದೈವವನ್ನು ನಂಬಿದವನು ಇಲ್ಲಿ ಎರಡರಲ್ಲಿ ಒಂದನ್ನು ಒಪ್ಪಬೇಕಾಗುತ್ತದೆ: ದೈವವು ನದಿಯನ್ನು ಶುದ್ಧಗೊಳಿಸಲೊಲ್ಲದು, ಇಲ್ಲವೆ ಅದು ಇಲ್ಲವೇ ಇಲ್ಲ. ಪ್ರಕ್ರಿಯಾವಾದಿ ಮೂರನೆಯ ಉತ್ತರ ಕೊಡುತ್ತಾನೆ. ಸುರಿದ ಉಪ್ಪನ್ನು ದೈವವು ಇಲ್ಲವಾಗಿಸುವುದಿಲ್ಲ. ಅದು ಬಿಗಿದಾಗಿರುವ ಹಾಸು. ನೀರಿನ ಲವಣಾಂಶವನ್ನು ಅಳೆಯುವುದು, ಶುದ್ಧೀಕರಣ ಘಟಕವನ್ನು ನಡೆಸುವುದು ವಿಜ್ಞಾನದ ಕೆಲಸ. ಹೊಲವೂ ಉಳಿಯಲಿ, ಕೂಲಿಯೂ ಉಳಿಯಲಿ ಎಂಬ ತುಡಿತದಲ್ಲಿ ದೈವದ ಸೆಳೆತವಿದೆ. ಅದಕ್ಕೆ ಓಗೊಡುವ ಹೊಣೆ ಮನುಷ್ಯನದು. ವೈಟ್‌ಹೆಡ್‌ನ ಪರಂಪರೆಯ ಜಾನ್ ಕಾಬ್ 1970ರ ದಶಕದ ಆರಂಭದಲ್ಲಿಯೇ ಪರಿಸರವನ್ನು ದೇವಮೀಮಾಂಸೆಯ ಪ್ರಶ್ನೆಯಾಗಿಸಿದ್ದು ಈ ತರ್ಕದಿಂದಲೇ.

ಆಕ್ಷೇಪಗಳೂ ಇವೆ. ಇಂತಹ ಸೆಳೆತವನ್ನು ಯಾವ ಪ್ರಯೋಗವೂ ತೋರಿಸಲಾರದು. ಅದಿಲ್ಲದೆಯೂ ಘಟನೆಗಳನ್ನು ವಿವರಿಸಬಹುದು ಎಂಬುದು ವಿಜ್ಞಾನದ ಕಡೆಯ ಮಾತು. ಸಂಕಟದಲ್ಲಿ ಕೈಹಿಡಿದೆತ್ತಲಾರದ ದೈವಕ್ಕೆ ಮೊರೆಯಿಡುವುದೇಕೆ ಎಂಬುದು ಭಕ್ತನ ಪ್ರಶ್ನೆ. ಇವೆರಡನ್ನೂ ಈ ದರ್ಶನ ಪೂರ್ಣವಾಗಿ ಪರಿಹರಿಸಿಲ್ಲ. ಆದರೆ ತಿಳಿವಳಿಕೆ ಬೆಳೆದಂತೆಲ್ಲ ದೈವವು ಹಿಂದೆ ಸರಿಯುತ್ತ ಹೋಗಬೇಕೆಂಬ ಭಯವನ್ನು ಅದು ಕಳೆಯುತ್ತದೆ. ಬಣ್ಣದ ರಸಾಯನವನ್ನು ಅರಿತವನಿಗೂ ಚೌಡೇಶ್ವರಿಯನ್ನು ಕರೆಯಲು ಅಡ್ಡಿಯಿಲ್ಲ. ಆದರೆ ಕರೆದವನು ನದಿಗೆ ಏನನ್ನು ಬಿಡುತ್ತಿದ್ದೇನೆಂದು ನೋಡಿಕೊಳ್ಳಬೇಕಾಗುತ್ತದೆ.

ರಾಮನಾಥ ಅಂಕಿತದಲ್ಲಿ ವಚನಗಳನ್ನು ರಚಿಸಿದ ಜೇಡರ ದಾಸಿಮಯ್ಯನೂ ನೇಕಾರನೇ. ಪಠ್ಯದಲ್ಲಿರುವ ಅವನ ವಚನಗಳನ್ನು ಮತ್ತೊಮ್ಮೆ ಓದುವಾಗ, ಆ ನೇಕಾರ ದೈವವನ್ನು ಕಂಡದ್ದು ನೆಯ್ದು ಮುಗಿಸಿದ ಬಟ್ಟೆಯಲ್ಲೋ ನೇಯುವ ಕೆಲಸದಲ್ಲೋ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಜೊತೆಗಿರಿಸಿಕೊಳ್ಳಬಹುದು.