ಹಳೇ ಮದ್ರಾಸ್ ರಸ್ತೆಗೆ ಎಷ್ಟು ನಕ್ಷೆ ಬೇಕು?

‘ನಿಮ್ಮ ಕಡೆ ರಸ್ತೆ ಮಗಾ, ದಾರಿ ತೋರಿಸೋದು ನಿಂದೇ’ ಎಂದು ಗೆಳೆಯರಿಬ್ಬರೂ ಕೈ ತೊಳೆದುಕೊಂಡರು. ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು. ಅವನು ಹೊರಡುವ ಮೊದಲು ಬೆಂಗಳೂರಿನಿಂದ ಹಳೇ ಮದ್ರಾಸ್ ರಸ್ತೆಯಲ್ಲಿ ಗಡಿಯ ನಂಗಲಿವರೆಗೆ ಬೈಕ್ ಸವಾರಿ, ಅದೂ ಒಂದೇ ದಿನ. ನಾನು ಮುಳಬಾಗಿಲು ತಾಲ್ಲೂಕಿನ ತಾಯಲೂರಿನವನು, ಇಲ್ಲ ಎನ್ನಲಾಗಲಿಲ್ಲ.

ಅವೆನ್ಯೂ ರಸ್ತೆಯಲ್ಲಿ ಹಳೆಯದೊಂದು ಪ್ರವಾಸಿ ಕೈಪಿಡಿ, ರಸ್ತೆ ನಕ್ಷೆ ಕೊಂಡೆ. ನಕ್ಷೆಯಲ್ಲಿ ಹೆದ್ದಾರಿ ಸಂಖ್ಯೆ 4, ಊರಿಗೆ ಹೋಗುವಾಗ ನೋಡುವ ಬೋರ್ಡಿನಲ್ಲಿ 75! 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗಿದ್ದು ಆಗಲೇ ತಿಳಿದದ್ದು. ಮುಳಬಾಗಿಲು ದಾಟಿ ನಂಗಲಿ ಕಡೆ ಹೋದರೆ ಅದೇ ಹಳೇ ರಸ್ತೆ ಈಗ 69. ‘ನಮಗೆ ಯಾವತ್ತೂ ಅದು ಮದ್ರಾಸ್ ರೋಡೇ’ ಎಂದು ಅಪ್ಪ ನಕ್ಕರು. ನಕ್ಷೆ ಕೊಳ್ಳುವಾಗ ಮೊದಲು ನೋಡಬೇಕಾದದ್ದು ಮುದ್ರಣದ ವರ್ಷ ಎಂಬ ಪಾಠವಾಯಿತು.

ಮೊಬೈಲ್ ನಕ್ಷೆಗೆ ಹೊಸದೆಲ್ಲ ಗೊತ್ತು. ಆದರೆ ಅದಕ್ಕೆ ಬೇಗ ತಲುಪಿಸುವುದಷ್ಟೇ ಮುಖ್ಯ, ಕೋಲಾರದ ಒಳಗೇ ಬಿಡದೆ ಬೈಪಾಸಿನಲ್ಲಿ ಸಾಗಿಸುತ್ತಿತ್ತು. ಕೈಪಿಡಿಯಲ್ಲಿ ಚಿನ್ನದ ಗಣಿಗೆ ಎರಡು ಪುಟ, ಆವನಿಗೆ ಒಂದು ಸಾಲು. ಕಾಲೇಜು ಗ್ರಂಥಾಲಯದಲ್ಲಿ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೇ ಸಂಪುಟ ಸಿಕ್ಕಿತು. 1905ರ ಆ ಪುಸ್ತಕದ ತುಂಬ ಕೋಲಾರ ಜಿಲ್ಲೆಯ ಶಾಸನಗಳು. ಬಸ್ಸಿನ ಬೋರ್ಡಿನಲ್ಲಷ್ಟೇ ಓದಿದ್ದ ಊರುಗಳ ಹೆಸರು ಅಲ್ಲಿ ಕಂಡಾಗ ಮೈ ಜುಮ್ಮೆಂದಿತು. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಯಲ್ಲಿ ಕೆರೆ, ಗುಡ್ಡ, ಕಾಲುದಾರಿಗಳೂ ಇದ್ದವು. ಅದರಲ್ಲಿ 2 ಸೆಂ.ಮೀ. ಎಂದರೆ ನೆಲದ ಮೇಲೆ 1 ಕಿ.ಮೀ.

ಎಲ್ಲವನ್ನೂ ಹೊತ್ತೊಯ್ಯಲಿಲ್ಲ. ಒಂದೇ ಹಾಳೆಯಲ್ಲಿ ಬರೆದುಕೊಂಡೆ: ಕೋಲಾರಮ್ಮ, ಸೋಮೇಶ್ವರ ದೇಗುಲ, ಹೈದರಾಲಿಯ ತಂದೆಯ ಸಮಾಧಿಯಿರುವ ಮಕಬರಾ, ಆವನಿ, ಮುಳಬಾಗಿಲು, ನಂಗಲಿ. ಕುರುಡುಮಲೆಯ ಗಣಪನನ್ನು ಮನಸ್ಸಿಲ್ಲದೆ ಬಿಟ್ಟೆ, ಹೊತ್ತು ಸಾಲುತ್ತಿರಲಿಲ್ಲ.

ಆವನಿಯಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಮುಂದೆ ಗೆಳೆಯ ಕೇಳಿದ: ‘ಇಲ್ಲಿಗೆ ಎಷ್ಟು ಸಲ ಬಂದಿದ್ದೀಯೋ?’

‘ಇದೇ ಮೊದಲು’ ಎಂದೆ. ಇಬ್ಬರೂ ನಗಲಿಲ್ಲ. ನನಗೇ ನಾಚಿಕೆಯಾಯಿತು. ‘ಮೂಡಲ ಬಾಗಿಲು’ ಮುಳಬಾಗಿಲಾಯಿತು ಎಂದು ಪರೀಕ್ಷೆಗೆ ಉರು ಹೊಡೆದಿದ್ದೆ. ಆ ಬಾಗಿಲಿನ ಆಚೀಚೆ ಏನಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

ಮೊನ್ನೆ ಪುಣೆಯಿಂದ ಫೋನ್ ಬಂತು. ಅವನ ಸಹೋದ್ಯೋಗಿಗಳಿಗೆ ನಮ್ಮ ಕಡೆ ಬರಬೇಕಂತೆ, ಆ ಹಾಳೆ ಕಳಿಸು ಎಂದ. ಕುರುಡುಮಲೆಯನ್ನೂ ಸೇರಿಸಿ ಕಳಿಸಿದೆ. ಈ ಸಲ ಒಂದು ದಿನ ಮುಂಚೆಯೇ ಹೋಗಿ ನೋಡಿ ಬಂದಿದ್ದೆ.