ಸಣ್ಣ ಹೋಟೆಲುಗಳಿಗೆ ಆನ್‌ಲೈನ್ ಆರ್ಡರ್ ವ್ಯವಸ್ಥೆ: ಆಯ್ಕೆಗೆ ಮುನ್ನ ಹಾಕಬೇಕಾದ ಲೆಕ್ಕ

ಕರ್ನಾಟಕದ ಸಣ್ಣ ಹೋಟೆಲು ಉದ್ಯಮವು ಬಹುಕಾಲ ಗಲ್ಲಾಪೆಟ್ಟಿಗೆಯನ್ನೇ ನಂಬಿ ನಡೆದುಬಂದಿದೆ. ಬೆಂಗಳೂರಿನ ದರ್ಶಿನಿಯಾಗಲಿ, ಹುಬ್ಬಳ್ಳಿಯ ಖಾನಾವಳಿಯಾಗಲಿ, ಗಿರಾಕಿ ಎದುರಿಗೆ ನಿಂತು ಹಣ ಕೊಡುತ್ತಿದ್ದನು. ಆ ದಿನದ ಮಾರಾಟ ಆ ರಾತ್ರಿಯೇ ಎಣಿಕೆಗೆ ಸಿಗುತ್ತಿತ್ತು. ಸ್ವಿಗ್ಗಿ ಸಂಸ್ಥೆಯು 2014ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಝೊಮ್ಯಾಟೊ 2015ರಲ್ಲಿ ಆಹಾರ ತಲುಪಿಸುವ ಸೇವೆಗೆ ಇಳಿಯಿತು. ಅಂದಿನಿಂದ ಈ ಚಿತ್ರ ಬದಲಾಗುತ್ತಾ ಬಂದಿದೆ. ಇಂದು ಊಟದ ಬೇಡಿಕೆ ಮೊಬೈಲಿನಲ್ಲಿ ಬರುತ್ತದೆ, ಹಣ ಮತ್ತೊಬ್ಬರ ಖಾತೆಗೆ ಜಮೆಯಾಗುತ್ತದೆ, ಹೋಟೆಲಿನ ಪಾಲು ಕೆಲವು ದಿನಗಳ ನಂತರ ಕಡಿತಗಳೊಂದಿಗೆ ಕೈಸೇರುತ್ತದೆ.

ಈ ವ್ಯವಸ್ಥೆಗೆ ಸೇರಿದ ಅನೇಕ ಮಾಲೀಕರ ಅನುಭವ ಒಂದೇ ಬಗೆಯದು. ಮಾರಾಟ ಹೆಚ್ಚಿದೆ, ಅಡುಗೆಮನೆಗೆ ಬಿಡುವಿಲ್ಲ, ಆದರೆ ವರ್ಷಾಂತ್ಯದಲ್ಲಿ ಲಾಭ ಮಾತ್ರ ಕಾಣುತ್ತಿಲ್ಲ. ಮಾರಾಟದ ಮೊತ್ತವನ್ನು ನೋಡಿ ವ್ಯವಸ್ಥೆಯನ್ನು ಆಯ್ಕೆ ಮಾಡಿಕೊಂಡದ್ದೇ ಇದಕ್ಕೆ ಮುಖ್ಯ ಕಾರಣ. ನೋಡಬೇಕಾದುದು ಪ್ರತಿ ಆರ್ಡರಿನಲ್ಲಿ ಕೈಯಲ್ಲಿ ಉಳಿಯುವ ಹಣವನ್ನು.

ಲಭ್ಯವಿರುವ ಮೂರು ಮಾರ್ಗಗಳು

ಮೊದಲನೆಯದು, ಸ್ವಿಗ್ಗಿ, ಝೊಮ್ಯಾಟೊ ಮುಂತಾದ ವೇದಿಕೆಗಳ ಮಾರ್ಗ. ಗಿರಾಕಿಗಳನ್ನು ತರುವುದು, ಹಣ ವಸೂಲು ಮಾಡುವುದು ಮತ್ತು ಆಹಾರ ತಲುಪಿಸುವುದು ವೇದಿಕೆಯ ಹೊಣೆ. ಇದಕ್ಕಾಗಿ ಆರ್ಡರಿನ ಮೌಲ್ಯದ ಮೇಲೆ ಶೇಕಡಾವಾರು ಕಮಿಷನ್ ಕೊಡಬೇಕು.

ಎರಡನೆಯದು, ಹೋಟೆಲಿನದೇ ಆದ ವ್ಯವಸ್ಥೆ. ಮಾಸಿಕ ಶುಲ್ಕಕ್ಕೆ ದೊರೆಯುವ ತಂತ್ರಾಂಶದ ಮೂಲಕ ಸ್ವಂತ ಜಾಲತಾಣದಲ್ಲಿ ಅಥವಾ ವಾಟ್ಸ್‌ಆಪ್‌ನಲ್ಲಿ ಆರ್ಡರು ಪಡೆಯಬಹುದು. ಆಹಾರ ತಲುಪಿಸಲು ಹುಡುಗರನ್ನು ಹೋಟೆಲೇ ಗೊತ್ತುಮಾಡಿಕೊಳ್ಳಬೇಕು.

ಮೂರನೆಯದು, ಕೇಂದ್ರ ಸರ್ಕಾರದ ಉಪಕ್ರಮವಾಗಿ 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಓಎನ್‌ಡಿಸಿ ಜಾಲ. 2022ರ ಸೆಪ್ಟೆಂಬರ್ 30ರಂದು ಇದನ್ನು ಸಾರ್ವಜನಿಕ ಪ್ರಯೋಗಕ್ಕಾಗಿ ಬೆಂಗಳೂರಿನ ಹದಿನಾರು ಪಿನ್‌ಕೋಡ್ ಪ್ರದೇಶಗಳಲ್ಲಿ ತೆರೆಯಲಾಯಿತು. ಇಲ್ಲಿ ಗಿರಾಕಿಯ ಆಪ್ ಒಂದು, ಮಾರಾಟಗಾರನ ಆಪ್ ಮತ್ತೊಂದು, ಸಾಗಣೆ ಮಾಡುವವರು ಬೇರೊಬ್ಬರು ಇರಬಹುದು. ಶುಲ್ಕವೂ ಇವರೆಲ್ಲರ ನಡುವೆ ಹಂಚಿಕೆಯಾಗುವುದರಿಂದ ಎಲ್ಲವನ್ನೂ ಕೂಡಿಸಿಯೇ ಹೋಲಿಕೆ ಮಾಡಬೇಕು.

ಒಂದು ಆರ್ಡರಿನ ಲೆಕ್ಕ

ಉದಾಹರಣೆಗಾಗಿ, ದರಪಟ್ಟಿಯ ಪ್ರಕಾರ ₹300 ಮೌಲ್ಯದ ಒಂದು ಆರ್ಡರನ್ನು ತೆಗೆದುಕೊಳ್ಳೋಣ. ದಿನಸಿ, ತರಕಾರಿ ಮತ್ತು ಅಡುಗೆ ಅನಿಲದ ಖರ್ಚು ₹120 ಎಂದಿಟ್ಟುಕೊಳ್ಳೋಣ. ಬಾಡಿಗೆ ಮತ್ತು ಸಂಬಳ ಎಲ್ಲ ಮಾರ್ಗಗಳಲ್ಲಿಯೂ ಒಂದೇ ಆಗಿರುವುದರಿಂದ ಅವನ್ನು ಸದ್ಯಕ್ಕೆ ಬದಿಗಿಡಬಹುದು. ಗಿರಾಕಿಯಿಂದ ಪ್ರತ್ಯೇಕವಾಗಿ ವಸೂಲಾಗುವ ಶೇ. 5ರ ತೆರಿಗೆಯೂ ಈ ಲೆಕ್ಕದ ಹೊರಗಿದೆ.

ಹೋಟೆಲಿನಲ್ಲಿಯೇ ಕುಳಿತು ಊಟ ಮಾಡಿದ ಗಿರಾಕಿಯಿಂದ ಉಳಿಯುವುದು ₹180.

ಅದೇ ಆರ್ಡರು ವೇದಿಕೆಯ ಮೂಲಕ ಬಂದಾಗ ಲೆಕ್ಕ ಹೀಗಾಗುತ್ತದೆ:
ದರಪಟ್ಟಿಯ ಮೌಲ್ಯ: ₹300
ಹೋಟೆಲು ಭರಿಸುವ ರಿಯಾಯಿತಿ, ಶೇ. 10: ₹30
ಕಮಿಷನ್, ಶೇ. 25 ಎಂದು ಭಾವಿಸಿದರೆ: ₹75
ಕಮಿಷನ್ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ: ₹13.50
ಸಾಮಗ್ರಿ: ₹120
ಪಾರ್ಸೆಲ್ ಡಬ್ಬಿ ಮತ್ತು ಚೀಲ: ₹15
ಉಳಿಯುವುದು: ₹46.50

ಇಲ್ಲಿ ₹13.50ರ ಸಾಲನ್ನು ವಿಶೇಷವಾಗಿ ಗಮನಿಸಬೇಕು. ಬೇರೆ ವರ್ತಕರು ಇಂತಹ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಮರಳಿ ಪಡೆಯುತ್ತಾರೆ. ಆದರೆ 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ಅನ್ವಯಿಸುತ್ತಿರುವ ಶೇ. 5ರ ದರವು ಈ ಜಮೆಯನ್ನು ಪಡೆಯಬಾರದೆಂಬ ಷರತ್ತಿಗೆ ಒಳಪಟ್ಟಿದೆ. ಆದುದರಿಂದ ಕಮಿಷನ್ ಮೇಲಿನ ತೆರಿಗೆ ಪೂರ್ತಿಯಾಗಿ ಖರ್ಚೇ ಆಗುತ್ತದೆ. ಶೇ. 25 ಎಂದು ಒಪ್ಪಿಕೊಂಡ ಕಮಿಷನ್ ವಾಸ್ತವದಲ್ಲಿ ಶೇ. 29.5 ಆಗಿರುತ್ತದೆ.

ಹಾಗೆಂದ ಮಾತ್ರಕ್ಕೆ ವೇದಿಕೆ ನಷ್ಟದ ಬಾಬ್ತು ಎಂದು ತೀರ್ಮಾನಿಸಬೇಕಾಗಿಲ್ಲ. ಇಲ್ಲದಿದ್ದರೆ ಬರುತ್ತಲೇ ಇರದಿದ್ದ ಹೊಸ ಗಿರಾಕಿ ಬಂದರೆ ಆ ₹46.50 ನಿಜವಾದ ಗಳಿಕೆ. ಆದರೆ ಪ್ರತಿದಿನ ಹೋಟೆಲಿಗೇ ಬರುತ್ತಿದ್ದ ಗಿರಾಕಿ ಮನೆಯಿಂದಲೇ ಆರ್ಡರು ಮಾಡತೊಡಗಿದರೆ ₹180 ಇದ್ದ ಕಡೆ ₹46.50 ಉಳಿಯುತ್ತದೆ, ಕಳೆದುಕೊಂಡದ್ದು ₹133.50. ಹೀಗೆ ಸ್ಥಳಾಂತರಗೊಂಡ ಒಂದು ಆರ್ಡರಿನ ನಷ್ಟ ತುಂಬಲು ಸುಮಾರು ಮೂರು ಹೊಸ ಆರ್ಡರುಗಳು ಬೇಕಾಗುತ್ತವೆ. ಮಾರಾಟ ಹೆಚ್ಚಿದರೂ ಲಾಭ ಕಾಣದಿರುವುದರ ಗುಟ್ಟು ಇದೇ ಆಗಿದೆ.

ಆನ್‌ಲೈನ್ ದರವನ್ನು ಶೇ. 15ರಷ್ಟು ಏರಿಸಿ ₹345 ಮಾಡಿದರೂ, ಮೇಲಿನ ಷರತ್ತುಗಳಲ್ಲಿ ಉಳಿಯುವುದು ಸುಮಾರು ₹74 ಮಾತ್ರ.

ಸ್ವಂತ ವ್ಯವಸ್ಥೆಯ ಲೆಕ್ಕ

ಅದೇ ₹300ರ ಆರ್ಡರನ್ನು ಹೋಟೆಲಿನ ಸ್ವಂತ ವ್ಯವಸ್ಥೆಯಲ್ಲಿ ರಿಯಾಯಿತಿ ಇಲ್ಲದೆ ಪಡೆದರೆ, ಸಾಮಗ್ರಿ ₹120, ಪಾರ್ಸೆಲ್ ಖರ್ಚು ₹15, ತಲುಪಿಸುವ ಹುಡುಗನಿಗೆ ₹40 ಮತ್ತು ಹಣ ಪಾವತಿ ಶುಲ್ಕ ತೆರಿಗೆ ಸೇರಿ ಸುಮಾರು ₹7 ಕಳೆದು ₹118 ಉಳಿಯುತ್ತದೆ. ತಂತ್ರಾಂಶದ ಮಾಸಿಕ ಶುಲ್ಕ ₹3,000 ಎಂದಾದರೆ, ತಿಂಗಳಿಗೆ 42 ಆರ್ಡರುಗಳ ಸುಮಾರಿಗೆ ಈ ಮಾರ್ಗ ವೇದಿಕೆಗೆ ಸರಿಸಮವಾಗುತ್ತದೆ. ಅದಕ್ಕಿಂತ ಹೆಚ್ಚಿನ ಪ್ರತಿ ಆರ್ಡರಿನಲ್ಲಿಯೂ ₹71ರಷ್ಟು ಅನುಕೂಲ. ಗಿರಾಕಿ ನೇರವಾಗಿ ಹೋಟೆಲಿನ ಖಾತೆಗೆ ಯುಪಿಐ ಮೂಲಕ ಪಾವತಿಸಿದರೆ ಪಾವತಿ ಶುಲ್ಕವೂ ಉಳಿಯಬಹುದು.

ಆದರೆ ಸ್ವಂತ ವ್ಯವಸ್ಥೆ ಹೊಸ ಗಿರಾಕಿಗಳನ್ನು ತಾನಾಗಿ ತರುವುದಿಲ್ಲ. ಮಳೆಯ ದಿನ ಹುಡುಗ ಕೆಲಸಕ್ಕೆ ಬಾರದಿದ್ದರೆ ಊಟ ತಲುಪಿಸುವ ಹೊಣೆ ಮಾಲೀಕನದೇ. ಸುತ್ತಮುತ್ತ ಎರಡು ಮೂರು ಕಿಲೋಮೀಟರಿನೊಳಗೆ ಖಾಯಂ ಗಿರಾಕಿಗಳಿರುವ, ಕಚೇರಿಗಳಿಗೆ ಊಟ ಒದಗಿಸುವ ಹೋಟೆಲಿಗೆ ಇದು ಹೆಚ್ಚು ಹೊಂದುತ್ತದೆ.

ತೆರಿಗೆ ಮತ್ತು ದಾಖಲೆಗಳು

(1) 2022ರ ಜನವರಿ 1ರಿಂದ ವೇದಿಕೆಯ ಮೂಲಕ ಮಾರಾಟವಾಗುವ ಹೋಟೆಲು ಆಹಾರದ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ವೇದಿಕೆಯೇ ಪಾವತಿಸಬೇಕು. ಹೋಟೆಲು ಅದೇ ಮಾರಾಟಕ್ಕೆ ಮತ್ತೆ ತೆರಿಗೆ ಕಟ್ಟಬಾರದು. ಆದರೆ ಜಿಎಸ್‌ಟಿಆರ್-3ಬಿ ನಮೂನೆಯಲ್ಲಿ ಅದಕ್ಕೆ ಮೀಸಲಾದ 3.1.1 ಕೋಷ್ಟಕದಲ್ಲಿ ಮಾರಾಟವನ್ನು ತೋರಿಸಬೇಕು. ಸ್ವಂತ ವ್ಯವಸ್ಥೆಯ ಮಾರಾಟಕ್ಕೆ ತೆರಿಗೆಯ ಹೊಣೆ ಹೋಟೆಲಿನದೇ.

(2) ತೆರಿಗೆಯನ್ನು ವೇದಿಕೆ ಕಟ್ಟಿದರೂ ಆ ಮಾರಾಟ ಹೋಟೆಲಿನ ಒಟ್ಟು ವಹಿವಾಟಿಗೆ ಸೇರುತ್ತದೆ. ₹20 ಲಕ್ಷದ ನೋಂದಣಿ ಮಿತಿಯನ್ನು ಲೆಕ್ಕ ಹಾಕುವಾಗ ಇದನ್ನು ಮರೆಯಬಾರದು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಮಾಹಿತಿಯನ್ನು ಆಧರಿಸಿ ರಾಜ್ಯದ ಸಾವಿರಾರು ಸಣ್ಣ ವರ್ತಕರಿಗೆ ವಾಣಿಜ್ಯ ತೆರಿಗೆಗಳ ಇಲಾಖೆಯಿಂದ ನೋಟಿಸು ಬಂದದ್ದು ಎಲ್ಲರ ನೆನಪಿನಲ್ಲಿದೆ. ಆನ್‌ಲೈನ್ ಮಾರಾಟದ ಪ್ರತಿ ರೂಪಾಯಿಗೂ ದಾಖಲೆ ಇದ್ದೇ ಇರುತ್ತದೆ.

(3) ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಇ-ವಾಣಿಜ್ಯ ಸಂಸ್ಥೆಗಳ ಮೂಲಕ ಸೇವೆ ಒದಗಿಸುವುದಕ್ಕೆ ಕಾನೂನಿನಲ್ಲಿ ನಿರ್ಬಂಧಗಳಿವೆ. ಇಂತಹವರು ತಮ್ಮ ತೆರಿಗೆ ಸಲಹೆಗಾರರೊಡನೆ ಸಮಾಲೋಚಿಸಿದ ನಂತರವೇ ಒಪ್ಪಂದಕ್ಕೆ ಸಹಿ ಹಾಕಬೇಕು.

(4) ವೇದಿಕೆಯು ಆದಾಯ ತೆರಿಗೆಯನ್ನು ಮೂಲದಲ್ಲಿ ಕಡಿತ ಮಾಡುತ್ತದೆ. 2020ರ ಅಕ್ಟೋಬರ್ 1ರಂದು ಶೇ. 1ರಂತೆ ಜಾರಿಗೆ ಬಂದ ಈ ಕಡಿತವನ್ನು 2024ರ ಅಕ್ಟೋಬರ್ 1ರಿಂದ ಶೇ. 0.1ಕ್ಕೆ ಇಳಿಸಲಾಯಿತು. ಇದು ಖರ್ಚಲ್ಲ; ವಿವರಪಟ್ಟಿ ಸಲ್ಲಿಸುವಾಗ ಜಮೆ ಪಡೆಯತಕ್ಕ ಮೊತ್ತ. ಆದರೆ ಕಡಿತವು ಒಟ್ಟು ಮಾರಾಟದ ಮೇಲೆ ಆಗಿರುವುದರಿಂದ ಪುಸ್ತಕದಲ್ಲಿಯೂ ಒಟ್ಟು ಮಾರಾಟವನ್ನೇ ಬರೆದು, ಕಮಿಷನ್ ಮತ್ತು ರಿಯಾಯಿತಿಯನ್ನು ಪ್ರತ್ಯೇಕವಾಗಿ ತೋರಿಸಬೇಕು. ಬ್ಯಾಂಕಿಗೆ ಬಂದ ನಿವ್ವಳ ಹಣವನ್ನೇ ಮಾರಾಟವೆಂದು ಬರೆಯುವ ರೂಢಿ ಮುಂದೆ ತೊಂದರೆಗೆ ದಾರಿ.

(5) ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಸಂಖ್ಯೆಯನ್ನು 2022ರ ಜನವರಿಯಿಂದ ಬಿಲ್ಲಿನಲ್ಲಿ ನಮೂದಿಸುವುದು ಕಡ್ಡಾಯ. ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟಗಳ ಬಳಕೆಗೆ ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧವಿರುವುದರಿಂದ ಪಾರ್ಸೆಲ್ ಖರ್ಚನ್ನು ಅದಕ್ಕೆ ತಕ್ಕಂತೆ ಅಂದಾಜಿಸಬೇಕು.

ಒಪ್ಪಂದದಲ್ಲಿ ನೋಡಬೇಕಾದ ಅಂಶಗಳು

ಕಮಿಷನ್ ಲೆಕ್ಕ ಹಾಕುವುದು ರಿಯಾಯಿತಿಗೆ ಮುಂಚಿನ ಮೊತ್ತದ ಮೇಲೋ ನಂತರದ ಮೊತ್ತದ ಮೇಲೋ? ಪಾರ್ಸೆಲ್ ಶುಲ್ಕದ ಮೇಲೂ ಕಮಿಷನ್ ಇದೆಯೇ? ಮಾಲೀಕನ ಒಪ್ಪಿಗೆಯಿಲ್ಲದೆ ರಿಯಾಯಿತಿ ಘೋಷಿಸುವ ಅಧಿಕಾರ ವೇದಿಕೆಗೆ ಇದೆಯೇ? ಅಡುಗೆ ಆದ ನಂತರ ಆರ್ಡರು ರದ್ದಾದರೆ ನಷ್ಟ ಯಾರದು? ಹಣ ಕೈಸೇರಲು ಎಷ್ಟು ದಿನ? ಒಪ್ಪಂದದಿಂದ ಹೊರಬರಲು ಎಷ್ಟು ದಿನಗಳ ನೋಟಿಸು ಬೇಕು? ಇವೆಲ್ಲಕ್ಕೂ ಲಿಖಿತ ಉತ್ತರ ದೊರೆಯಬೇಕು. ಪ್ರತಿನಿಧಿಯ ಬಾಯಿಮಾತು ಸಾಲದು.

ಹೋಟೆಲಿನ ದರ ಮತ್ತು ಆನ್‌ಲೈನ್ ದರ ಒಂದೇ ಇರಬೇಕೆಂಬ ಷರತ್ತು ಇದ್ದರೆ ಎರಡು ಬಾರಿ ಯೋಚಿಸಬೇಕು. ದೇಶದ ರೆಸ್ಟೋರೆಂಟ್ ಮಾಲೀಕರ ಸಂಘದ ದೂರಿನ ಮೇಲೆ ಭಾರತ ಸ್ಪರ್ಧಾ ಆಯೋಗವು 2022ರ ಏಪ್ರಿಲ್‌ನಲ್ಲಿ ಎರಡು ಪ್ರಮುಖ ವೇದಿಕೆಗಳ ವಿರುದ್ಧ ತನಿಖೆಗೆ ಆದೇಶಿಸಿದಾಗ, ಪರಿಶೀಲನೆಗೆ ಒಳಪಟ್ಟ ವಿಷಯಗಳಲ್ಲಿ ದರ ಸಮಾನತೆಯ ಷರತ್ತೂ ಒಂದಾಗಿತ್ತು.

ಇನ್ನೊಂದು ಮುಖ್ಯ ಸಂಗತಿ ಗಿರಾಕಿಯ ವಿವರ. ಸ್ವಂತ ವ್ಯವಸ್ಥೆಯಲ್ಲಿ ಗಿರಾಕಿಯ ಹೆಸರು, ದೂರವಾಣಿ ಸಂಖ್ಯೆ ಮತ್ತು ಅಭಿರುಚಿ ಹೋಟೆಲಿನ ಬಳಿ ಉಳಿಯುತ್ತವೆ. ಅವರ ಒಪ್ಪಿಗೆ ಪಡೆದು ಹಬ್ಬದ ಊಟದ ಸುದ್ದಿಯನ್ನು ತಿಳಿಸಬಹುದು. ವೇದಿಕೆಯಲ್ಲಿ ಈ ಸಂಬಂಧ ವೇದಿಕೆಯದಾಗುತ್ತದೆ. ಹತ್ತು ವರ್ಷ ವ್ಯಾಪಾರ ಮಾಡಿಯೂ ಗಿರಾಕಿ ಯಾರೆಂದು ತಿಳಿಯದ ಸ್ಥಿತಿ ಹೋಟೆಲಿನ ಕೀರ್ತಿಮೌಲ್ಯವನ್ನೇ ಕುಗ್ಗಿಸುತ್ತದೆ.

ಅನುಸರಿಸಬಹುದಾದ ಕ್ರಮ

ಎಲ್ಲ ತಿಂಡಿಗಳನ್ನೂ ಆನ್‌ಲೈನ್ ಪಟ್ಟಿಗೆ ಸೇರಿಸುವುದು ಅನಗತ್ಯ. ಗರಿಗರಿ ದೋಸೆ ದಾರಿಯಲ್ಲಿಯೇ ಮೆತ್ತಗಾಗುತ್ತದೆ. ಬಿಸಿಬೇಳೆ ಬಾತ್, ಪುಳಿಯೋಗರೆ, ಚಪಾತಿ ಪಲ್ಯ ಚೆನ್ನಾಗಿ ಉಳಿಯುತ್ತವೆ. ಬೆಳಗಿನ ನೂಕುನುಗ್ಗಲಿನ ವೇಳೆ ಆನ್‌ಲೈನ್ ಆರ್ಡರುಗಳನ್ನು ನಿಲ್ಲಿಸಿ, ಅಡುಗೆಮನೆ ಖಾಲಿ ಇರುವ ಮಧ್ಯಾಹ್ನ ಮೂರರಿಂದ ಏಳರವರೆಗೆ ತೆರೆಯುವುದರಿಂದ ಹೊಸ ಗಿರಾಕಿಗಳಷ್ಟೇ ಬರುವ ಸಂಭವ ಹೆಚ್ಚುತ್ತದೆ.

ಮೊದಲ ಮೂರು ತಿಂಗಳನ್ನು ಪರೀಕ್ಷೆಯ ಅವಧಿಯೆಂದು ಭಾವಿಸಿ, ಪ್ರತಿ ವಾರ ಮೂರು ಅಂಕಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು: ಗಲ್ಲಾದ ಮಾರಾಟ, ಆನ್‌ಲೈನ್ ಒಟ್ಟು ಮಾರಾಟ, ಆನ್‌ಲೈನ್‌ನಿಂದ ಕೈಸೇರಿದ ಹಣ. ಆನ್‌ಲೈನ್ ಮಾರಾಟ ಏರಿದಂತೆ ಗಲ್ಲಾದ ಮಾರಾಟ ಇಳಿಯುತ್ತಿದ್ದರೆ, ಗಿರಾಕಿ ಹೊಸಬನಲ್ಲ, ಹಳಬನೇ ದಾರಿ ಬದಲಿಸಿದ್ದಾನೆ ಎಂದು ತಿಳಿಯಬೇಕು. ಅಂತಹ ಸಂದರ್ಭದಲ್ಲಿ ಆನ್‌ಲೈನ್ ಪಟ್ಟಿಯನ್ನು ಮೊಟಕುಗೊಳಿಸಿ, ಸಮೀಪದ ಗಿರಾಕಿಗಳನ್ನು ಸ್ವಂತ ವ್ಯವಸ್ಥೆಗೆ ತರುವುದು ಸೂಕ್ತ.

ಕಮಿಷನ್ ದರ ಹೋಟೆಲಿನಿಂದ ಹೋಟೆಲಿಗೆ, ಊರಿನಿಂದ ಊರಿಗೆ ಬೇರೆಯಾಗಿರುವುದರಿಂದ ಮೇಲಿನ ಅಂಕಿಗಳ ಜಾಗದಲ್ಲಿ ಮಾಲೀಕರು ತಮ್ಮ ಅಂಕಿಗಳನ್ನು ಇಟ್ಟು ನೋಡಬೇಕು. ಈ ಲೆಕ್ಕಕ್ಕೆ ಒಂದು ಹಾಳೆ ಮತ್ತು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಸಹಿ ಹಾಕುವ ಮೊದಲೇ ಮೀಸಲಿಟ್ಟರೆ ವರ್ಷವಿಡೀ ಒಲೆಯ ಮುಂದೆ ಪಡುವ ಶ್ರಮಕ್ಕೆ ತಕ್ಕ ಪ್ರತಿಫಲ ಮಾಲೀಕನ ಕೈಯಲ್ಲಿ ಉಳಿಯುತ್ತದೆ.